ಸೊಮಾಲಿಯಾ, ಗಿನಿ ಕೊಲ್ಲಿ ಮಾರ್ಗದ ಹಡಗಿಗೆ ಸಹಿ ಹಾಕುವ ಮುನ್ನ: ಕರಾರು, ಸಿಟಾಡೆಲ್, ಮನೆಯವರ ಪಾಡು

ಬೆಂಗ್ರೆಯವಳು
ಏಡನ್ ಕೊಲ್ಲಿ, ನೈಜೀರಿಯಾ ಕಡೆ ಓಡುವ ಟ್ಯಾಂಕರ್‌ಗಳಿಗೆ ನಮ್ಮ ಕರಾವಳಿಯ ಹುಡುಗರು ಈಗಲೂ ಸೇರ್ತಿದ್ದಾರೆ. ಏಜೆಂಟರನ್ನು ಕೇಳಿದ್ರೆ "ಕಡಲ್ಗಳ್ಳರ ಕಾಟ ಎಲ್ಲ ಮುಗಿದ ಮಾತು" ಅಂತಾರೆ. ತಿಳಿದವರು ಮೂರು ವಿಷಯ ಬಿಡಿಸಿ ಹೇಳಿ. ಕರಾರಿನಲ್ಲಿ ಏನು ನೋಡಬೇಕು? ಸೆರೆಯಾದರೆ ಸಂಬಳ ನಿಲ್ಲುತ್ತದೆಯೇ? ಅಂಥ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು?

ನಿವೃತ್ತ_ಚೀಫ್‌ಮೇಟ್
ಮುಗಿದ ಮಾತಲ್ಲ ಮೇಡಂ. 2017ರ ನಂತರ ಸೊಮಾಲಿಯಾ ಕಡೆ ವ್ಯಾಪಾರಿ ಹಡಗುಗಳ ಅಪಹರಣ ನಿಂತೇ ಹೋದಂತಿತ್ತು, ನಿಜ. ಆದರೆ 2023ರ ಡಿಸೆಂಬರ್ 14ರಂದು ಎಂವಿ ರುಯೆನ್ ಹಡಗು ಕಡಲ್ಗಳ್ಳರ ಕೈಗೆ ಹೋಯಿತು. 2024ರ ಮಾರ್ಚ್ 12ರಂದು ಬಾಂಗ್ಲಾದೇಶದ ಎಂವಿ ಅಬ್ದುಲ್ಲಾ 23 ನಾವಿಕರ ಸಮೇತ ಹೋಯಿತು, ಅವರು ಬಿಡುಗಡೆಯಾದದ್ದು ಏಪ್ರಿಲ್ ನಡುವಿನಲ್ಲಿ.

ಮೊದಲು ಎರಡು ಸಮುದ್ರಗಳ ವ್ಯತ್ಯಾಸ ತಿಳಿದುಕೊಳ್ಳಿ, ಎಚ್ಚರಿಕೆಯ ಕ್ರಮವೆಲ್ಲ ಅದರ ಮೇಲೆ ನಿಂತಿದೆ.

ಸೊಮಾಲಿಯಾದವರು ಹಡಗು, ಸರಕು, ಜನ ಮೂರನ್ನೂ ಹಿಡಿದು ಗರಕಾದ್, ಹೊಬ್ಯೊದಂಥ ತಮ್ಮ ತೀರದ ಎದುರು ಲಂಗರು ಹಾಕಿಸುತ್ತಾರೆ. ಅಲ್ಲಿ ಅವರನ್ನು ಕೇಳುವವರಿಲ್ಲ, ಆದ್ದರಿಂದ ಕಾಯಲು ಅವರಿಗೆ ಅವಸರವೂ ಇಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. 2010ರಲ್ಲಿ ಜಗತ್ತಿನಾದ್ಯಂತ 1,181 ನಾವಿಕರು ಒತ್ತೆಯಾಳಾದರು, ಹೆಚ್ಚಿನವರು ಇವರ ಕೈಗೇ.

ಗಿನಿ ಕೊಲ್ಲಿಯಲ್ಲಿ ಹಡಗನ್ನು ಬಚ್ಚಿಡಲು ಜಾಗವಿಲ್ಲ. ಅಲ್ಲಿನವರು ಹತ್ತಿ, ಅಧಿಕಾರಿಗಳನ್ನೂ ಸಿಕ್ಕ ಸಿಬ್ಬಂದಿಯನ್ನೂ ವೇಗದ ದೋಣಿಗೆ ಇಳಿಸಿ, ಹಡಗನ್ನು ಅಲ್ಲೇ ಬಿಟ್ಟು ನೈಜರ್ ಮುಖಜಭೂಮಿಯ ಕಾಡುಹೊಳೆಗಳೊಳಗೆ ಒಯ್ಯುತ್ತಾರೆ. ಸೆರೆ ಸಾಮಾನ್ಯವಾಗಿ ವಾರಗಳ ಲೆಕ್ಕ, ಆದರೆ ಹಿಂಸೆ ಹೆಚ್ಚು, ಮಲೇರಿಯಾ ಬೇರೆ. 2019ರ ಡಿಸೆಂಬರ್ 3ರಂದು ನೈಜೀರಿಯಾದ ಬೋನಿಯ ಹೊರಗೆ ನೇವ್ ಕಾನ್‌ಸ್ಟೆಲೇಷನ್ ಟ್ಯಾಂಕರ್‌ನಿಂದ 19 ಜನರನ್ನು ಒಯ್ದರು, 18 ಮಂದಿ ಭಾರತೀಯರು. ಡಿಸೆಂಬರ್ 15ರಂದು ಎಂಟಿ ಡ್ಯೂಕ್‌ನಿಂದ 20 ಭಾರತೀಯರು ಹೋದರು. ಜನವರಿಯಲ್ಲಿ ಹಿಂದಿರುಗಿದ್ದು 19 ಮಂದಿ, ಒಬ್ಬರು ಸೆರೆಯಲ್ಲೇ ತೀರಿಕೊಂಡರು. 2020ರಲ್ಲಿ ಇಡೀ ಜಗತ್ತಿನಲ್ಲಿ ಅಪಹರಣಕ್ಕೊಳಗಾದ 135 ನಾವಿಕರಲ್ಲಿ 130 ಮಂದಿ ಸಿಕ್ಕಿಬಿದ್ದದ್ದು ಈ ಕೊಲ್ಲಿಯಲ್ಲೇ.

ಸಿಂಗಪುರ ಜಲಸಂಧಿಯಲ್ಲಿ ನಡೆಯುವುದು ಬಹುಪಾಲು ಎಂಜಿನ್ ಬಿಡಿಭಾಗಗಳ ಕಳವು. ಅದನ್ನು ಈ ಚರ್ಚೆಗೆ ಎಳೆಯುವುದು ಬೇಡ.

ಕರಾರು_ಕಾನೂನು
ಕಾಗದಪತ್ರದ ಬಗ್ಗೆ ನಾನು ಬರೆಯುತ್ತೇನೆ. ಸಹಿಗೆ ಮೊದಲು ಹೀಗೆ ನೋಡಿ.

ಏಜೆಂಟರಿಗೆ ಆರ್‌ಪಿಎಸ್‌ಎಲ್ ಪರವಾನಗಿ (ನಾವಿಕರನ್ನು ಹಡಗಿಗೆ ಸೇರಿಸಲು ಸರ್ಕಾರ ಕೊಡುವ ಅನುಮತಿ) ಇದೆಯೇ? ನೌಕಾಯಾನ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೀವೇ ಸಂಖ್ಯೆ ಹುಡುಕಿ. ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರವನ್ನು ನಂಬಬೇಡಿ. ಪರವಾನಗಿಯಿಲ್ಲದವರ ಮೂಲಕ, ಅಥವಾ ಪ್ರವಾಸಿ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲಿಂದ ಹಡಗು ಹತ್ತಿದವರ ಹೆಸರು ಸರ್ಕಾರದ ಯಾವ ದಾಖಲೆಯಲ್ಲೂ ಇರುವುದಿಲ್ಲ. ಮುಂದೆ ಅಪಹರಣವಾದಾಗ ಮನೆಯವರು ಇವನು ಆ ಹಡಗಿನಲ್ಲಿ ಇದ್ದ ಅನ್ನುವುದನ್ನು ಸಾಬೀತು ಮಾಡುವುದರಿಂದಲೇ ಶುರುಮಾಡಬೇಕಾಗುತ್ತದೆ.

ಹಡಗಿನ ಐಎಂಒ ಸಂಖ್ಯೆ ಕೇಳಿ. ಏಳು ಅಂಕಿಯ ಆ ಸಂಖ್ಯೆ ಹಡಗು ಹೆಸರು, ಧ್ವಜ, ಮಾಲೀಕರನ್ನು ಬದಲಿಸಿದರೂ ಬದಲಾಗದು. ಅದರಿಂದ ಧ್ವಜ, ಅಂದರೆ ನೋಂದಣಿ, ಯಾವ ದೇಶದ್ದು, ಪಿ ಅಂಡ್ ಐ ವಿಮೆ (ಸಿಬ್ಬಂದಿಯ ಬಗ್ಗೆ ಮಾಲೀಕನಿಗಿರುವ ಹೊಣೆಯಂಥವನ್ನು ಭರಿಸುವ ವಿಮೆ) ಯಾವ ಕ್ಲಬ್‌ನದು, ಅಂದರೆ ಹಡಗು ಮಾಲೀಕರ ಯಾವ ವಿಮಾ ಕೂಟದ್ದು, ಎಂದು ತಿಳಿಯುತ್ತದೆ. ವಿಮೆಯ ಹೆಸರು ಹೇಳಲು ತಡವರಿಸುವ ಕಂಪನಿಗೆ ಅಲ್ಲೇ ಕೈಮುಗಿಯಿರಿ.

ಸಂಬಳದ ವಿಷಯ. ಕಡಲ ಕಾರ್ಮಿಕ ಒಪ್ಪಂದಕ್ಕೆ (ಎಂಎಲ್‌ಸಿ 2006) 2018ರಲ್ಲಿ ಮಾಡಿದ ತಿದ್ದುಪಡಿ 2020ರ ಡಿಸೆಂಬರ್ 26ರಿಂದ ಜಾರಿಯಲ್ಲಿದೆ. ಕಡಲ್ಗಳ್ಳರ ಅಥವಾ ಸಶಸ್ತ್ರ ದರೋಡೆಕೋರರ ಕೈಲಿ ಸೆರೆಯಾದ ನಾವಿಕನ ಕರಾರು, ಅವಧಿ ಮುಗಿದಿದ್ದರೂ, ಊರ್ಜಿತವಾಗಿಯೇ ಇರುತ್ತದೆ. ಹಡಗಿನಲ್ಲಿಟ್ಟರೂ ಸರಿ, ಕಾಡಿನಲ್ಲಿಟ್ಟರೂ ಸರಿ. ಬಿಡುಗಡೆಯಾಗಿ ಊರು ಸೇರುವವರೆಗೆ ಸಂಬಳವೂ ಮನೆಗೆ ಕಳಿಸುವ ಅಲಾಟ್‌ಮೆಂಟೂ ನಿಲ್ಲಬಾರದು. ಸೆರೆಯಲ್ಲಿ ತೀರಿಕೊಂಡರೆ ಆ ದಿನಾಂಕದವರೆಗೆ ಕೊಡಬೇಕು. ಭಾರತ 2015ರಲ್ಲೇ ಈ ಒಪ್ಪಂದವನ್ನು ಅಂಗೀಕರಿಸಿದೆ, ಆದರೆ ವಿದೇಶಿ ಹಡಗಿನಲ್ಲಿ ನಡೆಯುವುದು ಧ್ವಜದ ದೇಶದ ಕಾನೂನು. ಆದ್ದರಿಂದ ಈ ಮಾತು ನಿಮ್ಮ ಕರಾರಿನೊಳಗೇ ಬರಹದಲ್ಲಿರಲಿ. ಇಲ್ಲದಿದ್ದರೆ ಸೇರಿಸಲು ಕೇಳಿ. ಒಳ್ಳೆಯ ಕಂಪನಿಗಳು ಇದಕ್ಕೆ ತಕರಾರು ಮಾಡುವುದಿಲ್ಲ.

ಎಂಜಿನ್‌ಕಂಟ್ರೋಲ್
ಕಾನೂನು ಸರಿ ಸರ್. ಮಾಲೀಕನೇ ಫೋನ್ ಎತ್ತದಿದ್ದರೆ?

ಎಂವಿ ಐಸ್‌ಬರ್ಗ್ 1 ನೋಡಿ. 2010ರ ಮಾರ್ಚ್ 29ರಂದು ಏಡನ್ ಬಳಿ ಹಿಡಿದರು, 24 ನಾವಿಕರು, ಭಾರತೀಯರೂ ಇದ್ದರು. ಮಾಲೀಕ ಕೈಬಿಟ್ಟ. ಸೊಮಾಲಿಯಾದ ಪುಂಟ್‌ಲ್ಯಾಂಡ್ ಪ್ರಾಂತದ ಕಡಲ ಪೊಲೀಸರು ಮುತ್ತಿಗೆ ಹಾಕಿ 22 ಜನರನ್ನು ಬಿಡಿಸಿದ್ದು 2012ರ ಡಿಸೆಂಬರ್‌ನಲ್ಲಿ. ಎರಡು ವರ್ಷ ಒಂಬತ್ತು ತಿಂಗಳು! ಎಂವಿ ಅಲ್ಬೆಡೊದಲ್ಲಿ ಪಾಕಿಸ್ತಾನದ 7 ಮಂದಿಯನ್ನು ಅವರ ದೇಶದವರು ದೇಣಿಗೆ ಎತ್ತಿ 2012ರಲ್ಲಿ ಬಿಡಿಸಿಕೊಂಡರು. ಉಳಿದವರಿಗಾಗಿ ಕೊಡುವವರಿರಲಿಲ್ಲ. ಹಡಗೇ 2013ರ ಜುಲೈನಲ್ಲಿ ಲಂಗರಿನಲ್ಲಿ ಮುಳುಗಿತು, ಬದುಕುಳಿದ 11 ಮಂದಿ ಹೊರಬಂದದ್ದು 2014ರ ಜೂನ್‌ನಲ್ಲಿ. ನಹಾಮ್ 3 ಮೀನುಗಾರಿಕಾ ಹಡಗಿನ 26 ಮಂದಿ 2012ರ ಮಾರ್ಚ್‌ನಿಂದ 2016ರ ಅಕ್ಟೋಬರ್‌ವರೆಗೆ ಇದ್ದರು.

ಸೆರೆಯ ಅವಧಿಯನ್ನು ಕಳ್ಳರ ಕ್ರೌರ್ಯ ನಿರ್ಧರಿಸುವುದಕ್ಕಿಂತ ಮಾಲೀಕನ ವಿಮೆ ನಿರ್ಧರಿಸುತ್ತದೆ. ಗಟ್ಟಿ ಕಂಪನಿಯ ಹಡಗು ತಿಂಗಳುಗಳಲ್ಲಿ ಹೊರಬಂದಿದೆ. ವಿಮೆಯಿಲ್ಲದ ಹಳೇ ಹಡಗಿನವರು ವರ್ಷಗಟ್ಟಲೆ ಕೊಳೆತಿದ್ದಾರೆ.

ಕರಾರು_ಕಾನೂನು
ಒಪ್ಪುತ್ತೇನೆ. ಅದಕ್ಕೇ ಇನ್ನೊಂದು ಕಾಗದ ಹೇಳಬೇಕು. 2017ರ ಜನವರಿ 18ರಿಂದ, ಮಾಲೀಕ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ-ನೀರು, ಊರಿಗೆ ಕಳಿಸುವ ಖರ್ಚಿಗೆ ಹಣಕಾಸು ಭದ್ರತೆಯ ಪ್ರಮಾಣಪತ್ರ ಇರಲೇಬೇಕು. ಅದನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಿರಬೇಕು. ಹತ್ತಿದ ದಿನವೇ ಫೋಟೊ ತೆಗೆದು ಮನೆಗೆ ಕಳಿಸಿ, ಅದರಲ್ಲಿ ವಿಮೆದಾರರ ಸಂಪರ್ಕ ಇರುತ್ತದೆ. ಆದರೆ ನಾಲ್ಕು ತಿಂಗಳ ಮಿತಿ ನೆನಪಿಡಿ. ಮೂರು ವರ್ಷದ ಸೆರೆಗೆ ಅದು ಏನೇನೂ ಸಾಲದು. ಈ ಅಂತರವನ್ನು ಇವತ್ತಿಗೂ ಯಾರೂ ಮುಚ್ಚಿಲ್ಲ, ಮತ್ತು ಅದು ಅನ್ಯಾಯ.

ಆಸ್ಫಾಲ್ಟ್ ವೆಂಚರ್ ಹಡಗಿನ ಪ್ರಕರಣವಂತೂ ಇನ್ನೂ ಕಠಿಣ. 2010ರ ಸೆಪ್ಟೆಂಬರ್ 28ರಂದು ಹಿಡಿದರು, 15 ಮಂದಿಯೂ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಒತ್ತೆಹಣ ಸಂದಾಯವಾಯಿತು. ಹಡಗನ್ನೂ 8 ಜನರನ್ನೂ ಬಿಟ್ಟು, 7 ಮಂದಿಯನ್ನು ದಡಕ್ಕೆ ಒಯ್ದರು. ನಮ್ಮ ನೌಕಾಪಡೆ ಹಿಡಿದು ತಂದಿದ್ದ ನೂರಕ್ಕೂ ಹೆಚ್ಚು ಸೊಮಾಲಿಗಳನ್ನು ಬಿಡಿ ಎಂಬುದು ಅವರ ಬೇಡಿಕೆ. ಆ ಏಳು ಮಂದಿ ಬಂದದ್ದು 2014ರ ಅಕ್ಟೋಬರ್ ಕೊನೆಗೆ.

ಬೆಂಗ್ರೆಯವಳು
ಸಿಟಾಡೆಲ್ ಅಂತ ಎಲ್ಲರೂ ಹೇಳ್ತಾರೆ. ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ಸಾಕೇ?

ಎಂಜಿನ್‌ಕಂಟ್ರೋಲ್
ಸಾಕಾಗುವುದಿಲ್ಲ. ಸಿಟಾಡೆಲ್ ಅಂದರೆ ಕಳ್ಳರು ಹತ್ತಿದಾಗ ಸಿಬ್ಬಂದಿ ಅಡಗಿಕೊಳ್ಳುವ ಭದ್ರ ಕೋಣೆ, ಸಾಮಾನ್ಯವಾಗಿ ಎಂಜಿನ್ ಕಂಟ್ರೋಲ್ ರೂಮ್ ಅಥವಾ ಸ್ಟೀರಿಂಗ್ ಗೇರ್ ರೂಮ್. ನೌಕಾಪಡೆ ಕಮಾಂಡೊಗಳನ್ನು ಹತ್ತಿಸುವ ವಿಚಾರ ಮಾಡುವುದು ಮೂರು ಷರತ್ತು ಒಟ್ಟಿಗೆ ಈಡೇರಿದಾಗ: ಸಿಬ್ಬಂದಿ ಒಬ್ಬರೂ ಬಿಡದೆ ಒಳಗಿರಬೇಕು, ಒಳಗಿನಿಂದ ಹೊರಗೆ ಮಾತಾಡುವ ಸ್ವತಂತ್ರ ಸಂಪರ್ಕ ಇರಬೇಕು, ಕಳ್ಳರ ಕೈಗೆ ಎಂಜಿನ್ ಸಿಗಬಾರದು. ಒಬ್ಬ ಅಡುಗೆಯವನು ಹೊರಗೆ ಸಿಕ್ಕಿಬಿದ್ದರೂ ಉಳಿದವರು ಬಾಗಿಲು ತೆರೆಯಲೇಬೇಕಾಗುತ್ತದೆ. ಅವನ ತಲೆಗೆ ಬಂದೂಕು ಇಟ್ಟು ಕರೆಯುತ್ತಾರೆ.

ಎಲ್ಲೆಲ್ಲಿ ಕೆಡುತ್ತದೆ ಅಂದರೆ,

ಅಲಾರ್ಮ್. ಕಡಲ್ಗಳ್ಳರ ಅಲಾರ್ಮಿನ ಸದ್ದು ಬೆಂಕಿ ಅಲಾರ್ಮಿನಂತೆ ಇರಕೂಡದು. ಬೆಂಕಿ ಎಂದುಕೊಂಡು ಜನ ಅಭ್ಯಾಸಬಲದಿಂದ ತೆರೆದ ಡೆಕ್ಕಿಗೆ ಓಡುತ್ತಾರೆ, ಗುಂಡು ಹಾರುವುದೂ ಅಲ್ಲಿಗೇ.

ಸ್ಯಾಟಲೈಟ್ ಫೋನ್. ಕೈಯಲ್ಲಿ ಹಿಡಿಯುವ ಫೋನು ಉಕ್ಕಿನ ಗೋಡೆಯೊಳಗೆ ಕೆಲಸ ಮಾಡದು. ಹೊರಗೆ ಆಂಟೆನಾ ಕೂರಿಸಿ, ಕೇಬಲ್ಲನ್ನು ಕಣ್ಣಿಗೆ ಬೀಳದಂತೆ ಒಳಕ್ಕೆ ತಂದಿರಬೇಕು, ಏಕೆಂದರೆ ಹತ್ತಿದವರು ಮೊದಲು ಕಡಿಯುವುದು ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಮೇಲಿನ ಆಂಟೆನಾಗಳನ್ನು. ವಿಎಚ್‌ಎಫ್ ರೇಡಿಯೊಗೂ ಹೀಗೇ. ಡ್ರಿಲ್ಲಿನಲ್ಲಿ ಬಾಗಿಲು ಪೂರ್ತಿ ಮುಚ್ಚಿ, ಒಳಗಿನಿಂದಲೇ ಕರೆ ಮಾಡಿ ನೋಡಬೇಕು. ಬಾಗಿಲು ತೆರೆದಿಟ್ಟು ಪರೀಕ್ಷಿಸಿ "ಸರಿಯಿದೆ" ಎಂದು ಬರೆದಿಟ್ಟ ಲಾಗ್‌ಬುಕ್ಕಿಗೆ ಬೆಲೆಯಿಲ್ಲ.

ವಿದ್ಯುತ್. ಒಳಗೆ ಹೋಗುವಾಗ ಮುಖ್ಯ ಎಂಜಿನ್ ನಿಲ್ಲಿಸಿ ಬ್ಲ್ಯಾಕ್‌ಔಟ್ ಮಾಡುತ್ತಾರೆ. ಆದರೆ ಎಮರ್ಜೆನ್ಸಿ ಜನರೇಟರ್ ಮೇಲಿನ ಡೆಕ್ಕಿನಲ್ಲಿದೆ, ಆಟೊದಲ್ಲಿದ್ದರೆ ಅದು ತಾನೇ ಶುರುವಾಗಿ ಕಳ್ಳರಿಗೆ ಬೆಳಕೂ ಸ್ಟೀರಿಂಗೂ ಕೊಡುತ್ತದೆ. ಅದನ್ನು ಏನು ಮಾಡಬೇಕು, ಯಾರು ಮಾಡಬೇಕು ಎಂಬುದು ಹಡಗಿನ ಭದ್ರತಾ ಯೋಜನೆಯಲ್ಲಿ ಮೊದಲೇ ನಿಗದಿಯಾಗಿರಬೇಕು.

ಗಾಳಿ. ಬ್ಲೋವರ್ ನಿಂತ ಎಂಜಿನ್ ರೂಮಿನಲ್ಲಿ ಇಪ್ಪತ್ತು-ಇಪ್ಪತ್ತೈದು ಜನ, ಶಾಖ ಏರುತ್ತಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಎಂಜಿನ್ ರೂಮಿನ ಇಂಗಾಲದ ಡೈಆಕ್ಸೈಡ್ ಅಗ್ನಿಶಾಮಕ ವ್ಯವಸ್ಥೆ. ಅದನ್ನು ಬಿಡುಗಡೆ ಮಾಡುವ ಹಿಡಿಕೆ ಹೊರಗಿನ ಕೋಣೆಯಲ್ಲಿರುತ್ತದೆ. ತಿಳಿದೋ ತಿಳಿಯದೆಯೋ ಕಳ್ಳನೊಬ್ಬ ಎಳೆದರೆ ಒಳಗಿದ್ದವರ ಕತೆ ಅಷ್ಟೇ. ಸಿಟಾಡೆಲ್ ಎಂಜಿನ್ ರೂಮಿನಲ್ಲಿದ್ದರೆ ಆ ಕೋಣೆಯ ಭದ್ರತೆ ಮೊದಲ ಕೆಲಸ.

ಎಸ್ಕೇಪ್ ಟ್ರಂಕ್, ಅಂದರೆ ಕೆಳಗಿನಿಂದ ಡೆಕ್ಕಿಗೆ ಏರುವ ತುರ್ತು ದಾರಿ. ಎಲ್ಲ ಬಾಗಿಲು ಭದ್ರ ಮಾಡಿ, ಡೆಕ್ಕಿಗೆ ತೆರೆಯುವ ತುರ್ತು ಮುಚ್ಚಳವನ್ನೂ ಸ್ಕೈಲೈಟನ್ನೂ ಮರೆಯುತ್ತಾರೆ. ಒಳಗಿನಿಂದ ಯಾವ ಉಪಕರಣವೂ ಇಲ್ಲದೆ ತೆರೆಯುವಂತಿರಬೇಕು, ಹೊರಗಿನಿಂದ ತೆರೆಯಲು ಬಾರದಿರಬೇಕು. ವೆಲ್ಡ್ ಮಾಡಿ ಮುಚ್ಚಿಬಿಡುವುದು ಬೆಂಕಿ ಬಿದ್ದಾಗ ಎಲ್ಲರನ್ನೂ ಸುಡುವ ದಾರಿ.

ಉಳಿದಂತೆ ಕನಿಷ್ಠ ಮೂರು ದಿನದ ನೀರು-ಒಣ ಆಹಾರ, ಔಷಧಿ, ಟಾರ್ಚು, ಬ್ಯಾಟರಿ, ಶೌಚಕ್ಕೆ ಮುಚ್ಚಳವಿರುವ ಬಕೆಟ್, ಸಿಬ್ಬಂದಿ ಪಟ್ಟಿಯ ಪ್ರತಿ, ಕರೆ ಮಾಡಬೇಕಾದ ಸಂಖ್ಯೆಗಳು ಕಾಗದದಲ್ಲಿ. ನಿತ್ಯ ಔಷಧಿ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು, ತಮ್ಮ ಒಂದು ವಾರದ ಮಾತ್ರೆಯನ್ನು ಅಲ್ಲೇ ಇಟ್ಟಿರಲಿ.

ನಿವೃತ್ತ_ಚೀಫ್‌ಮೇಟ್
ಕೆಟ್ಟ ಉದಾಹರಣೆಗಳೂ ಗೊತ್ತಿರಲಿ. 2011ರ ಜನವರಿಯಲ್ಲಿ ಬೆಲುಗಾ ನಾಮಿನೇಷನ್ ಹಡಗಿನವರು ಸೀಶೆಲ್ಸ್‌ನ ಉತ್ತರಕ್ಕೆ ಸಿಟಾಡೆಲ್ ಹೊಕ್ಕರು. ನೆರವು ಹತ್ತಿರವಿರಲಿಲ್ಲ. ಎರಡು ದಿನಕ್ಕೂ ಹೆಚ್ಚು ಹೊತ್ತು ಕಾದು ಕಳ್ಳರು ಒಡೆದು ಒಳನುಗ್ಗಿದರು, ಸಿಬ್ಬಂದಿಯಲ್ಲಿ ಸಾವುಗಳಾದವು. 2021ರ ಜನವರಿಯಲ್ಲಿ ಗಿನಿ ಕೊಲ್ಲಿಯ ಎಂವಿ ಮೊಜಾರ್ಟ್‌ನ ಸಿಟಾಡೆಲನ್ನು ಕೆಲವೇ ಗಂಟೆಗಳಲ್ಲಿ ಒಡೆದರು. ಒಬ್ಬ ಎಂಜಿನಿಯರ್ ಸತ್ತ, 15 ಜನರನ್ನು ಒಯ್ದರು.

ಇನ್ನೊಂದು ಕಡೆ 2024ರ ಜನವರಿಯ ಲೀಲಾ ನಾರ್ಫೋಕ್. 15 ಭಾರತೀಯರೂ ಸೇರಿ 21 ಮಂದಿ ಒಳಗೆ ಹೊಕ್ಕು ಸಂಪರ್ಕ ಉಳಿಸಿಕೊಂಡರು. ಐಎನ್‌ಎಸ್ ಚೆನ್ನೈ ಬಂದು ಕಮಾಂಡೊಗಳು ಹತ್ತುವಷ್ಟರಲ್ಲಿ ಕಳ್ಳರು ಕಾಲ್ಕಿತ್ತಿದ್ದರು. ಸಿಟಾಡೆಲ್ ಸಮಯ ಕೊಳ್ಳುವ ಸಾಧನ ಅಷ್ಟೇ, ಆ ಸಮಯದೊಳಗೆ ಬರುವ ಯುದ್ಧನೌಕೆ ಇರಬೇಕು. ಮೊದಲ ಸುದ್ದಿ ಎಷ್ಟು ಬೇಗ ಹೋಯಿತು ಎಂಬುದರ ಮೇಲೆ ಅದು ನಿಂತಿದೆ. ಎಸ್‌ಎಸ್‌ಎಎಸ್ (ಹಡಗಿನ ಗುಪ್ತ ಎಚ್ಚರಿಕೆ ವ್ಯವಸ್ಥೆ) ಗುಂಡಿ ಒತ್ತಿದರೆ ಹಡಗಿನಲ್ಲಿ ಸದ್ದಾಗದೆ ಕಂಪನಿಗೂ ಧ್ವಜದ ದೇಶಕ್ಕೂ ಸಂದೇಶ ಹೋಗುತ್ತದೆ. ಆದರೆ ಅಷ್ಟಕ್ಕೇ ಬಿಡದೆ ಹಿಂದೂ ಮಹಾಸಾಗರದಲ್ಲಾದರೆ ಯುಕೆಎಂಟಿಒಗೆ, ಗಿನಿ ಕೊಲ್ಲಿಯಲ್ಲಾದರೆ ಎಂಡಿಎಟಿ-ಗಾಗ್‌ಗೆ (ಇವು ಆಯಾ ವಲಯದ ಹಡಗುಗಳ ವರದಿ ಪಡೆಯುವ ಭದ್ರತಾ ಕೇಂದ್ರಗಳು) ನೇರ ಫೋನ್ ಮಾಡಬೇಕು. ವಲಯ ಪ್ರವೇಶಿಸುವ ಮೊದಲೇ ಅವರಲ್ಲಿ ನೋಂದಾಯಿಸಿ ದಿನವೂ ಸ್ಥಾನ ತಿಳಿಸುತ್ತಿದ್ದ ಹಡಗನ್ನು ಅವರು ಹುಡುಕುತ್ತಾ ಕೂರಬೇಕಾಗಿಲ್ಲ.

ಹತ್ತದಂತೆ ತಡೆಯುವುದೇ ಎಲ್ಲಕ್ಕಿಂತ ಮೇಲು. 18 ನಾಟ್‌ಗಿಂತ ವೇಗವಾಗಿ ಓಡುವ ಹಡಗನ್ನು ಹತ್ತಿದ ವರದಿ ಇಲ್ಲ ಎಂದು ಕಡಲ್ಗಳ್ಳರನ್ನು ತಡೆಯುವ ಕ್ರಮಗಳ 2018ರ ಬಿಎಂಪಿ5 ಕೈಪಿಡಿ ಬರೆದಿತ್ತು. ತುಂಬಿದ ಟ್ಯಾಂಕರ್ 12–14ರಲ್ಲಿ ತೆವಳುತ್ತದೆ, ಡೆಕ್ಕು ನೀರಿಗೆ ಹತ್ತಿರ, ಕೊಕ್ಕೆ ಏಣಿಗೆ ಸುಲಭದ ತುತ್ತು. ಆದ್ದರಿಂದ ಮುಳ್ಳುತಂತಿ. ಸುರುಳಿಯ ವ್ಯಾಸ 730 ಅಥವಾ 980 ಮಿಲಿಮೀಟರ್, ಒಂದು ಸಾಲು ಸಾಲದು, ಎರಡೋ ಮೂರೋ. ರೇಲಿಂಗಿನ ಒಳಗಲ್ಲ, ಹೊರಕ್ಕೆ ಚಾಚಿರಬೇಕು. ಸುರುಳಿಗಳನ್ನು ಒಂದಕ್ಕೊಂದು ಬಿಗಿದು, ನಡುವೆ ವೈರ್ ರೋಪ್ ಹಾಯಿಸಿ ಹಡಗಿಗೆ ಕಟ್ಟದಿದ್ದರೆ ಕೊಕ್ಕೆ ಹಾಕಿ ಒಂದೇ ಎಳೆತಕ್ಕೆ ಕಿತ್ತುಹಾಕುತ್ತಾರೆ. ಹೆಚ್ಚಾಗಿ ಬಿಟ್ಟುಹೋಗುವ ಜಾಗಗಳು ಪೈಲಟ್ ಏಣಿಯ ಬಳಿ, ಹಿಂಭಾಗದ ಹಗ್ಗದ ಕಿಂಡಿಗಳು. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಕಳೆದ ಸಲ ಕಟ್ಟಿದ್ದು ಇದೆಯಲ್ಲ ಎಂದು ಬಿಡುವಂತಿಲ್ಲ.

ಬೆಳಗಿನ ಜಾವ ಮತ್ತು ಮುಸ್ಸಂಜೆ ಕಾವಲಿಗೆ ಹೆಚ್ಚು ಜನ ಬೇಕು, ಒಬ್ಬರ ಕಣ್ಣು ಹಿಂಭಾಗದ ಮೇಲೇ ಇರಲಿ. ರೇಡಾರಿಗೆ ಸಣ್ಣ ದೋಣಿ ಅಲೆಗಳ ನಡುವೆ ಕಾಣುವುದಿಲ್ಲ. ಮುಂಗಾರಿನ ದೊಡ್ಡ ಅಲೆಗೆ ಸೊಮಾಲಿ ದೋಣಿಗಳು ಹೊರಡುವುದು ಕಡಿಮೆ, ಮಳೆ ತಗ್ಗುತ್ತಿದ್ದಂತೆ ಶುರು.

ಮಲ್ಪೆ_ತಾಂಡೇಲ
ಮಾರಾಯ್ರೇ, ನಮ್ಮ ಬೋಟಿನವರ ಬಗ್ಗೆಯೂ ಒಂದು ಮಾತು ಬೇಕು. 2012ರ ಫೆಬ್ರವರಿ 15ರಂದು ಕೇರಳದ ಹೊರಗೆ ಎನ್ರಿಕಾ ಲೆಕ್ಸಿ ಟ್ಯಾಂಕರಿನ ಇಟಲಿ ಸೈನಿಕರು ಕಡಲ್ಗಳ್ಳರೆಂದು ಭಾವಿಸಿ ಹಾರಿಸಿದ ಗುಂಡಿಗೆ ಇಬ್ಬರು ಮೀನುಗಾರರು ಸತ್ತರು. 10 ಕೋಟಿ ಪರಿಹಾರ ಬಂದು ಪ್ರಕರಣ ಮುಗಿದದ್ದು 2021ರಲ್ಲಿ. ಹೋದ ಜೀವ ಹೋಯಿತು.

ಬಲೆಯ ಮೇಲೆ ಹಡಗು ಬರುತ್ತಿದೆ ಅಂತ ಕಂಡರೆ ನಮ್ಮವರು ಫುಲ್ ಸ್ಪೀಡಲ್ಲಿ ಅದರ ಎದುರಿಗೇ ಓಡ್ತಾರೆ, ತಿರುಗಿಸಲಿ ಅಂತ. ಬ್ರಿಡ್ಜ್‌ನಿಂದ ನೋಡಿದವರಿಗೆ ಅದಕ್ಕೂ ದಾಳಿಗೂ ವ್ಯತ್ಯಾಸ ಕಾಣುವುದಿಲ್ಲ. ದೂರದಲ್ಲೇ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಿರಿ, ಬಲೆ ಎತ್ತಿ ತೋರಿಸಿ, ರಾತ್ರಿಯಾದರೆ ಡೆಕ್ ಲೈಟ್ ಹಾಕಿ ನಿಮ್ಮ ಜನ, ಬಲೆ ಕಾಣುವ ಹಾಗೆ ಮಾಡಿ. ಹಡಗಿನ ಹಿಂದಿನಿಂದ ಬದಿಗೆ ಸೇರುವ ದಾರಿ ಯಾವತ್ತೂ ಹಿಡಿಯಬೇಡಿ. ಐದು ಚಿಕ್ಕ ಹಾರ್ನ್ ಕೇಳಿದರೆ ಅವರಿಗೆ ಅನುಮಾನ ಬಂದಿದೆ ಅಂತ ಅರ್ಥ, ಕೂಡಲೇ ವೇಗ ಇಳಿಸಿ ಬೋಟ್ ತಿರುಗಿಸಿ.

ನಿವೃತ್ತ_ಚೀಫ್‌ಮೇಟ್
ತುಂಬ ಅಗತ್ಯದ ಮಾತು ತಾಂಡೇಲರೇ. ಹಡಗಿನವರ ತಪ್ಪು ಗುರುತಿಗೂ ಬೆಲೆ ತೆರಬೇಕಾಗುತ್ತದೆ. 2022ರ ಆಗಸ್ಟ್‌ನಲ್ಲಿ ನೈಜೀರಿಯಾದ ಅಕ್ಪೊ ತೈಲಕ್ಷೇತ್ರದ ಬಳಿ ರಾತ್ರಿ ಸಮೀಪಿಸಿದ ನೌಕೆಯನ್ನು ಕಡಲ್ಗಳ್ಳರದೆಂದು ಹೀರೋಯಿಕ್ ಇಡುನ್ ಟ್ಯಾಂಕರ್ ಎಚ್ಚರಿಕೆ ಕೊಟ್ಟು ಅಲ್ಲಿಂದ ಹೊರಟಿತು. ಅದು ನೈಜೀರಿಯಾ ನೌಕಾಪಡೆಯದು. 16 ಭಾರತೀಯರೂ ಸೇರಿ 26 ಮಂದಿ ಮೊದಲು ಈಕ್ವಟೋರಿಯಲ್ ಗಿನಿಯಲ್ಲಿ, ಆಮೇಲೆ ನೈಜೀರಿಯಾದಲ್ಲಿ ಸಿಕ್ಕಿಬಿದ್ದು ಬಿಡುಗಡೆಯಾದದ್ದು 2023ರ ಮೇ ಹೊತ್ತಿಗೆ. ಅಂಥ ಕತ್ತಲಲ್ಲಿ ಅಪರಿಚಿತ ನೌಕೆಯಿಂದ ದೂರ ಹೋಗುವುದು ಸರಿಯೇ, ಜೊತೆಗೇ ಎಂಡಿಎಟಿ-ಗಾಗ್ ಮತ್ತು ಏಜೆಂಟರ ಮೂಲಕ ಗುರುತು ಪಕ್ಕಾ ಮಾಡಿಕೊಂಡು, ಪ್ರತಿ ಕರೆಯ ಸಮಯ ಬರೆದಿಡಬೇಕು. ವಿಡಿಆರ್ (ಹಡಗಿನ ಕಪ್ಪುಪೆಟ್ಟಿಗೆ) ದಾಖಲೆ ಅಳಿಯದಂತೆ ಕೂಡಲೇ ಉಳಿಸಿಕೊಳ್ಳಬೇಕು, ಮುಂದೆ ನಾವಿಕನ ಪರ ನಿಲ್ಲುವುದು ಅದೊಂದೇ.

ಆಪ್ತಸಲಹೆ_ಉಡುಪಿ
ಮನೆಯವರ ಪ್ರಶ್ನೆಗೆ ಬರುತ್ತೇನೆ.

ಹೊರಡುವ ಮೊದಲೇ: ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಗುರುತಿನ ಪುಸ್ತಕ), ಕರಾರು, ಐಎನ್‌ಡಿಒಎಸ್ ಸಂಖ್ಯೆ (ನಾವಿಕನ ಸರ್ಕಾರಿ ನೋಂದಣಿ ಸಂಖ್ಯೆ), ಏಜೆಂಟರ ಪರವಾನಗಿ ಸಂಖ್ಯೆ, ಹಡಗಿನ ಐಎಂಒ ಸಂಖ್ಯೆ, ಇಷ್ಟರ ಪ್ರತಿ ಮನೆಯಲ್ಲಿರಲಿ. ಅಲಾಟ್‌ಮೆಂಟ್ ನೇರ ಹೆಂಡತಿಯದೋ ತಾಯಿಯದೋ ಖಾತೆಗೆ ಬರಲಿ. ಸಂಬಳವೆಲ್ಲ ಅವನೊಬ್ಬನ ಎನ್‌ಆರ್‌ಇ ಖಾತೆಗೆ ಹೋಗುತ್ತಿದ್ದು, ಇತ್ತ ಮನೆಯಲ್ಲಿ ಸಾಲದ ಕಂತಿಗೆ ಕಾಸಿಲ್ಲದೆ ಕುಟುಂಬಗಳು ಒದ್ದಾಡುತ್ತವೆ. ನಾಮಿನಿ ಆಗಿದ್ದರೆ ಸಾಲದು, ಅವನು ಬದುಕಿರುವಾಗ ನಾಮಿನಿಗೆ ಹಣ ತೆಗೆಯುವ ಹಕ್ಕಿಲ್ಲ. ಮುಖ್ತಿಯಾರ್ ಪತ್ರ ಮಾಡಿಸಿ ಬ್ಯಾಂಕಿಗೆ ಕೊಟ್ಟಿರಬೇಕು.

ಕಳ್ಳರು ಮನೆಗೇ ಫೋನ್ ಮಾಡಿಸುತ್ತಾರೆ. ಅಳಿಸುತ್ತಾರೆ, ಹೊಡೆಯುವ ಸದ್ದು ಕೇಳಿಸುತ್ತಾರೆ. ಕುಟುಂಬದ ಮೂಲಕ ಕಂಪನಿಯ ಮೇಲೆ ಒತ್ತಡ ತರಲು ಅವರು ಹೂಡುವ ಉಪಾಯ ಅದು. ಒಬ್ಬರೇ ಮಾತಾಡಲಿ, ಅದೂ ಮನೆಯಲ್ಲಿ ಗಟ್ಟಿ ಮನಸ್ಸಿನವರು. ಕರೆ ಬಂದ ಸಮಯ, ಸಂಖ್ಯೆ, ಹೇಳಿದ ಮಾತು ಬರೆಯಿರಿ, ಸಾಧ್ಯವಾದರೆ ರೆಕಾರ್ಡ್ ಮಾಡಿ. ಹಣದ ಮಾತು ನಾವಾಗಿ ಎತ್ತಬಾರದು, "ಕಂಪನಿ ನಿಮ್ಮ ಜೊತೆ ಮಾತಾಡುತ್ತಿದೆ, ನಮ್ಮ ಕೈಲಿ ಏನೂ ಇಲ್ಲ" ಎಂಬುದೊಂದೇ ಉತ್ತರ. ಅವನ ಧ್ವನಿ ಕೇಳಿದರೆ ಮಕ್ಕಳು ಚೆನ್ನಾಗಿದ್ದಾರೆ, ಎಲ್ಲರೂ ಕಾಯುತ್ತಿದ್ದೇವೆ ಎಂದು ಹೇಳಿ. ಒಳಗಿರುವವನಿಗೆ ಅದು ತಿಂಗಳುಗಳಿಗೆ ಆಗುವ ಬಲ. ಮನೆ, ಜಮೀನಿನ ಫೋಟೊ ಫೇಸ್‌ಬುಕ್‌ನಲ್ಲಿದ್ದರೆ ತೆಗೆಯಿರಿ.

ಮಾಧ್ಯಮದ ಬಗ್ಗೆ ನನ್ನ ಅಭಿಪ್ರಾಯ: ಕಂಪನಿ ಮಾತುಕತೆಯಲ್ಲಿದ್ದರೆ ಮೌನವೇ ಒಳ್ಳೆಯದು. ಮಾಲೀಕ ಕೈಬಿಟ್ಟಿದ್ದರೆ ಮೌನದಿಂದ ಏನೂ ಸಿಗದು, ಆಗ ಎಲ್ಲ ಮನೆಯವರು ಒಟ್ಟಾಗಿ ಸರ್ಕಾರದ, ಯೂನಿಯನ್‌ನ ಬಾಗಿಲು ತಟ್ಟಲೇಬೇಕು.

ಬಿಡುಗಡೆಯ ನಂತರ: ಹಸಿದ ದೇಹಕ್ಕೆ ಊರಿನ ಔತಣದೂಟ ಒಮ್ಮೆಲೇ ಬೇಡ, ವೈದ್ಯರ ಮಾತಿನಂತೆ ಸ್ವಲ್ಪಸ್ವಲ್ಪವಾಗಿ. ಆಫ್ರಿಕಾದಿಂದ ಬಂದವನಿಗೆ ವಾರಗಳ ನಂತರ ಜ್ವರ ಬಂದರೂ ಮಲೇರಿಯಾ ಪರೀಕ್ಷೆ ಮಾಡಿಸಿ. ಸೊಮಾಲಿಯಾದಿಂದ ಬಿಡುಗಡೆಯಾದ ನಾವಿಕರ ಬಗ್ಗೆ 2016ರಲ್ಲಿ ಬಂದ ಅಧ್ಯಯನವೊಂದು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಘಾತದ ಲಕ್ಷಣ ವರ್ಷಗಳ ನಂತರವೂ ಉಳಿದಿತ್ತೆಂದು ತೋರಿಸಿತು. ನಿದ್ದೆ ಬಾರದು, ಬಾಗಿಲು ಬಡಿದರೆ ಬೆಚ್ಚುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ. ಹೇಳಿಕೊಂಡರೆ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹ ಎಂದು ಬರೆದಾರೆಂಬ ಭಯಕ್ಕೆ ಬಾಯಿ ಬಿಡುವುದಿಲ್ಲ. ನಾವಿಕರ ಕ್ಷೇಮಕ್ಕಾಗಿ ಇರುವ ಐಎಸ್‌ಡಬ್ಲ್ಯುಎಎನ್ ಸಂಸ್ಥೆಯ ಸಹಾಯವಾಣಿ ದಿನದ 24 ಗಂಟೆಯೂ ಇದೆ, ಉಚಿತ, ಕಂಪನಿಗೆ ತಿಳಿಸುವುದಿಲ್ಲ. ಮನೆಯವರೂ ಕರೆ ಮಾಡಬಹುದು.

ಎಂಜಿನ್‌ಕಂಟ್ರೋಲ್
ಇದಕ್ಕೆ ಸೇರಿಸಿ: ಸೆರೆಯಲ್ಲಿದ್ದಾಗ ಪ್ರಮಾಣಪತ್ರಗಳ ಅವಧಿ ಮುಗಿಯುತ್ತದೆ. ವೈದ್ಯಕೀಯ ಪ್ರಮಾಣಪತ್ರ ಎರಡು ವರ್ಷಕ್ಕೆ, ಎಸ್‌ಟಿಸಿಡಬ್ಲ್ಯು (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ) ಸುರಕ್ಷತಾ ತರಬೇತಿ ಐದು ವರ್ಷಕ್ಕೆ. ಮೂಲ ಪತ್ರಗಳು ಕಳ್ಳರ ಕೈಲಿ ಹೋಗಿರುತ್ತವೆ. ಪೊಲೀಸ್ ದೂರಿನ ಪ್ರತಿ ಮತ್ತು ಕಂಪನಿಯ ಪತ್ರ ಇಟ್ಟುಕೊಂಡು ಮಹಾನಿರ್ದೇಶನಾಲಯಕ್ಕೆ ಬರೆಯಿರಿ. ಮರುತರಬೇತಿ ಶುಲ್ಕವನ್ನು ಕಂಪನಿಯಿಂದ ಕೇಳಿ ಪಡೆಯಿರಿ, ನಾಚಿಕೆ ಬೇಡ.

ಬೆಂಗ್ರೆಯವಳು
ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಅಪಾಯದ ವಲಯಕ್ಕೆ ನಾನು ಬರುವುದಿಲ್ಲ ಎಂದು ಹೇಳುವ ಹಕ್ಕು ನಾವಿಕನಿಗೆ ಇದೆಯೇ?

ಕರಾರು_ಕಾನೂನು
ಐಬಿಎಫ್ (ನಾವಿಕರ ಯೂನಿಯನ್‌ಗಳೂ ಹಡಗು ಕಂಪನಿಗಳೂ ಸೇರಿದ ಅಂತರರಾಷ್ಟ್ರೀಯ ವೇದಿಕೆ) ಒಪ್ಪಂದದ ಹಡಗಾದರೆ, ಅವರು ಘೋಷಿಸಿದ ವಲಯಗಳಲ್ಲಿ ಇದೆ. ಕಂಪನಿಯ ಖರ್ಚಿನಲ್ಲೇ ಊರಿಗೆ ಕಳಿಸಬೇಕು. ಹೋಗಲು ಒಪ್ಪಿದರೆ ಆ ದಿನಗಳಿಗೆ ಮೂಲವೇತನದಷ್ಟು ಹೆಚ್ಚುವರಿ ಭತ್ಯೆ, ಸಾವು-ಅಂಗವೈಕಲ್ಯಕ್ಕೆ ಇಮ್ಮಡಿ ಪರಿಹಾರ. ವಲಯಗಳ ಪಟ್ಟಿ ಬದಲಾಗುತ್ತಿರುತ್ತದೆ, ವಲಯದ ದರ್ಜೆಯ ಮೇಲೆ ಸೌಲಭ್ಯವೂ ಬದಲಾಗುತ್ತದೆ, ಆದ್ದರಿಂದ ಸಹಿಯ ವಾರದಲ್ಲೇ ಯೂನಿಯನ್‌ನಿಂದ ಹೊಸ ಪಟ್ಟಿ ತರಿಸಿಕೊಳ್ಳಿ. ನಿರಾಕರಣೆಯನ್ನು ಬಾಯಿಮಾತಿನಲ್ಲಿ ಹೇಳಬೇಡಿ. ಹಿಂದಿನ ಬಂದರಿನಲ್ಲೇ, ವಲಯ ಪ್ರವೇಶಕ್ಕೆ ಮೊದಲು, ಮಾಸ್ಟರ್‌ಗೆ (ಕ್ಯಾಪ್ಟನ್‌ಗೆ) ಲಿಖಿತವಾಗಿ ಕೊಟ್ಟು ಪ್ರತಿಗೆ ಸಹಿ ಹಾಕಿಸಿಕೊಳ್ಳಿ, ಒಂದು ಫೋಟೊ ಯೂನಿಯನ್‌ಗೆ ಕಳಿಸಿ. ನಡುಸಮುದ್ರದಲ್ಲಿ ಹೇಳಿದರೆ ಇಳಿಸಲು ಜಾಗವಿರುವುದಿಲ್ಲ, ಮತ್ತು ಕಂಪನಿ ಅದನ್ನು ಅವಿಧೇಯತೆ ಎಂದು ಬರೆಯುವ ಸಾಧ್ಯತೆ ಇದೆ.

ಒಪ್ಪಂದವಿಲ್ಲದ ಹಡಗಾದರೆ ಕರಾರಿನಲ್ಲಿ ಬರೆದಿರುವಷ್ಟೇ ಹಕ್ಕು. ಅಂಥ ಕಡೆ ಮಾರ್ಗ ಯಾವುದು ಎಂದು ಸಹಿಗೆ ಮೊದಲೇ ಮೇಲ್ ಮಾಡಿ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ.